ಕಿಡಿ ಬಿಟ್ಟುಹೋದ ಗಾಡಿ

ಕಿಕ್ಕಣ್ಣನ ಬಲಗಾಲಿನ ಮೀನಖಂಡ ಎಡಗಾಲಿನದಕ್ಕಿಂತ ಒಂದು ಸುತ್ತು ದಪ್ಪ. ದರ್ಜಿ ಅಳತೆ ತೆಗೆದುಕೊಳ್ಳುವಾಗಲೆಲ್ಲ, “ಒಂದು ಕಾಲು ನಿಮ್ದು, ಇನ್ನೊಂದು ಯಾರ ಹತ್ರ ತಂದ್ರಿ?” ಎಂದು ಕೇಳದೆ ಬಿಟ್ಟವನಲ್ಲ. ಸುತ್ತಮುತ್ತಲ ಬೀದಿಗಳಲ್ಲಿ ಜಪ್ಪಯ್ಯ ಅಂದರೂ ಎದ್ದೇಳದ ಸ್ಕೂಟರುಗಳನ್ನೆಲ್ಲ ಮೂವತ್ತು ವರ್ಷ ಒದ್ದು ಎಬ್ಬಿಸಿದ ಕಾಲು ಅದು. ಹೆಸರು ಬಂದದ್ದೂ ಅದರಿಂದಲೇ. ಹೆತ್ತವರು ಇಟ್ಟ ಹೆಸರು ಹಿಡಿದು ಈಗ ಯಾರಾದರೂ ಕರೆದರೆ ಅವನೇ ತಿರುಗಿ ನೋಡುವುದಿಲ್ಲ.

ಇಷ್ಟೆಲ್ಲ ಆಗಿಯೂ ಅವನಿಗೆ ಸ್ಕೂಟರು ಓಡಿಸಲು ಬರುವುದಿಲ್ಲ. ನಗುವವರು ನಗಲಿ, ಇರುವುದೇ ಹಾಗೆ. ಹದಿಹರೆಯದಲ್ಲಿ ಒಮ್ಮೆ ಇಳಿಜಾರಿನಲ್ಲಿ ಬಿದ್ದು ದವಡೆ ಒಡೆದುಕೊಂಡ ಮೇಲೆ, ಚಕ್ರ ಉರುಳತೊಡಗಿದರೆ ಅವನ ಮೊಣಕೈ ನಡುಗುತ್ತದೆ. ಸ್ಟ್ಯಾಂಡಿನ ಮೇಲೆ ನಿಂತ ಗಾಡಿಗೆ ಅವನು ಯಜಮಾನ, ಸ್ಟ್ಯಾಂಡ್ ತೆಗೆದ ಗಾಡಿಗೆ ಬರೀ ಪ್ರಯಾಣಿಕ. ಯಾರಾದರೂ ಕೆಣಕಿದರೆ, “ಹೆರಿಗೆ ಮಾಡ್ಸೋ ಸೂಲಗಿತ್ತೀನೇ ಮಗೂನೂ ಸಾಕ್ಬೇಕು ಅಂತ ಎಲ್ಲಿದೆಯಪ್ಪಾ?” ಎನ್ನುತ್ತಿದ್ದ. ರಿಪೇರಿಯಾದ ಗಾಡಿಯನ್ನು ಒಂದು ಸುತ್ತು ಓಡಿಸಿ ನೋಡುವ ಕೆಲಸ ತಮ್ಮನದು.

ತಮ್ಮನನ್ನು ಎಲ್ಲರೂ ಕಿಡಿ ಎನ್ನುತ್ತಿದ್ದರು. ಎಂಜಿನ್ನು ಅಣ್ಣನ ಪಾಲು, ವೈರು ತಮ್ಮನ ಪಾಲು. ಎರಡು ಬಾಗಿಲ ಅಗಲದ ಅಂಗಡಿ, ಎರಡು ಮೋಟು ಸ್ಟೂಲು. ಎಡಗೋಡೆಗೆ ಸ್ಪ್ಯಾನರುಗಳು, ಬಲಗೋಡೆಗೆ ಕಿಡಿಯ ವೈರಿನ ಸುರುಳಿಗಳು ಮತ್ತು ಬೆಸುಗೆ ಕಡ್ಡಿ ತಾಗಿ ಆದ ಕಪ್ಪು ಚುಕ್ಕೆಗಳು. ಷಟರ್ ಎತ್ತಿದರೆ ತಾನಾಗಿ ದೀಪ ಹತ್ತುವ ಹಾಗೆ ಕಿಡಿ ಒಂದು ಉಪಾಯ ಮಾಡಿದ್ದ. ಬೆಳಿಗ್ಗೆ ಇಬ್ಬರ ಕೈಯೂ ತುಂಬಿರುತ್ತದೆ, ಸ್ವಿಚ್ಚು ಹುಡುಕುವವರು ಯಾರು ಎನ್ನುವುದು ಅವನ ವಾದ.

ಅವರು ಕೆಲಸ ಮಾಡುತ್ತಿದ್ದ ರೀತಿಯನ್ನೂ ಹೇಳಬೇಕು, ಯಾಕೆಂದರೆ ಮುಂದಿನ ಕಥೆಯೆಲ್ಲ ಅದರ ಮೇಲೆ ನಿಂತಿದೆ. ಸ್ಟಾರ್ಟ್ ಆಗದ ಗಾಡಿ ಬಂದರೆ ಮೊದಲು ಪೆಟ್ರೋಲು ನೋಡುವುದು, ಆಮೇಲೆ ಪ್ಲಗ್ಗು. ಪ್ಲಗ್ಗನ್ನು ಬಿಚ್ಚಿ, ವೈರಿನ ಟೊಪ್ಪಿಗೆ ಸಿಕ್ಕಿಸಿ, ಅದರ ಮೈಯನ್ನು ಎಂಜಿನ್ನಿನ ಕಬ್ಬಿಣಕ್ಕೆ ತಾಗಿಸಿ ಕಿಡಿ ಕುಕ್ಕರುಗಾಲಲ್ಲಿ ಕೂರುತ್ತಿದ್ದ. ಅಣ್ಣ ಒದೆಯುತ್ತಿದ್ದ. ತುದಿಯಲ್ಲಿ ನೀಲಿ ಬೆಂಕಿ ಹಾರಿದರೆ ತಮ್ಮ, “ಬಂತು” ಎನ್ನುತ್ತಿದ್ದ. ಹಾರದಿದ್ದರೆ ಏನೂ ಹೇಳುತ್ತಿರಲಿಲ್ಲ. ಅಣ್ಣ ಬಗ್ಗಿ ನೋಡಿದವನೇ ಅಲ್ಲ. ಬೀದಿಯ ಕಡೆ ಮುಖ ಮಾಡಿ ಒದೆಯುವುದು, ಕಿವಿ ಮಾತ್ರ ಕೆಳಗೆ. ದಿನಕ್ಕೆ ಎಷ್ಟೋ ಸಲ ಆ ಒಂದು ಮಾತು ಕೇಳಿ ಕೇಳಿ ಅವನ ಬದುಕಿನಲ್ಲಿ ಅದು ಉಸಿರಾಟದ ಹಾಗೆ ಸೇರಿಕೊಂಡುಬಿಟ್ಟಿತ್ತು.

ಅಂಗಡಿಗೆ ಬರುವುದೂ ಹೋಗುವುದೂ ಒಂದೇ ಗಾಡಿಯಲ್ಲಿ, ಕಿಡಿಯ ಹಳೆಯ ಹಸಿರು ಸ್ಕೂಟರಿನಲ್ಲಿ. ಮುಂದೆ ತಮ್ಮ, ಹಿಂದೆ ಅಣ್ಣ, ಅಣ್ಣನ ಬಲಗೈಯಲ್ಲಿ ಊಟದ ಡಬ್ಬಿ. ಎಡಗೈ ಹಿಂದಿನ ಸೀಟಿನ ಕೆಳಗಿನ ತಗಡಿನ ಅಂಚನ್ನು ಗಟ್ಟಿಯಾಗಿ ಕಚ್ಚಿ ಹಿಡಿದಿರುತ್ತಿತ್ತು, ಭಯ ಅಷ್ಟು. ಒಂದು ಬೆಳಿಗ್ಗೆ ಅಣ್ಣ ಇನ್ನೂ ಚಪ್ಪಲಿ ಸರಿಮಾಡಿಕೊಳ್ಳುತ್ತಿದ್ದಾಗಲೇ ಕಿಡಿ ಹೊರಟುಬಿಟ್ಟ. ಖಾಲಿ ಸೀಟಿಗೆ ಮನೆಯ ಕಷ್ಟಸುಖವೆಲ್ಲ ಹೇಳುತ್ತಾ ಪೆಟ್ರೋಲ್ ಬಂಕಿನ ತನಕ ಹೋಗಿ, ಅಲ್ಲಿ, “ಏನಣ್ಣಾ, ಹೂಂ ಅನ್ನೋದೂ ಇಲ್ಲ ಊಹೂಂ ಅನ್ನೋದೂ ಇಲ್ಲ?” ಎಂದು ತಿರುಗಿ ನೋಡಿದರೆ ಯಾರಿದ್ದಾರೆ ಅಲ್ಲಿ? ಅದನ್ನು ಹೇಳಿಕೊಂಡು ಎರಡೂ ಮನೆಯವರು ವರ್ಷಗಟ್ಟಲೆ ನಕ್ಕರು. ಆವತ್ತಿನಿಂದ ಕಿಡಿ ಒದೆಯುವ ಮುಂಚೆ ತಪ್ಪದೆ ಹಿಂದೆ ತಿರುಗಿ, “ಕೂತ್ಯಾ ಅಣ್ಣಾ?” ಎಂದು ಕೇಳುತ್ತಿದ್ದ.

ಇಂಥ ಅಣ್ಣತಮ್ಮಂದಿರು ಮಾತು ಬಿಟ್ಟದ್ದು ಅದೇ “ಬಂತು” ಎನ್ನುವ ಮಾತಿಗೆ.

ಅವಸರದ ಗಿರಾಕಿಯೊಬ್ಬ ತಲೆಯ ಮೇಲೆ ನಿಂತಿದ್ದ. ಅಣ್ಣ ಒದ್ದ, ತಮ್ಮ “ಬಂತು” ಎಂದ. ಅಣ್ಣ ಪ್ಲಗ್ಗು ಕೂರಿಸಿ ಎಲ್ಲ ಮುಚ್ಚಿ ಒದ್ದರೆ ಗಾಡಿ ಕೆಮ್ಮಲೂ ಇಲ್ಲ. ಮತ್ತೆ ಬಿಚ್ಚಿದ, ಮತ್ತೆ ತಮ್ಮ “ಬಂತು” ಎಂದ, ಮತ್ತೆ ಮುಚ್ಚಿದರೆ ಅದೇ ಹಾಡು. ಗಿರಾಕಿ ಏನೋ ಗೊಣಗಿದ. ಕಿಕ್ಕಣ್ಣನ ಕೋಪ ಮೊದಲೇ ಮೂಗಿನ ತುದಿಯಲ್ಲಿ ಇರುವಂಥದ್ದು. ಸ್ಪ್ಯಾನರನ್ನು ನೆಲಕ್ಕೆ ಕುಕ್ಕಿ, “ಸತ್ತ ಬೆಂಕೀನ ಬಂತು ಬಂತು ಅಂತೀಯಲ್ಲ, ನಿನ್ನ ಮಾತು ನಂಬಿದೋನು ಕೆಟ್ಟ. ಇನ್ಮೇಲೆ ನನ್ನ ಮುಂದೆ ಆ ಮಾತು ಆಡ್ಬೇಡ” ಎಂದುಬಿಟ್ಟ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಕಿಡಿ ಪ್ಲಗ್ಗನ್ನು ಕೆಳಗಿಟ್ಟು, ಕೈ ಒರೆಸಿಕೊಂಡು, ಬೆಸುಗೆ ಕಡ್ಡಿಯನ್ನು ಚೀಲಕ್ಕೆ ಹಾಕಿಕೊಂಡು ಎದ್ದುಹೋದ. ಮಾರುಕಟ್ಟೆಯ ಆ ಕಡೆ ಒಂದು ಮೆಟ್ಟಿಲ ಕೆಳಗೆ ತನ್ನದೇ ಮೇಜು ಹಾಕಿಕೊಂಡ.

ಗಾಳಿಯಲ್ಲಿ ಹಿಡಿದಾಗ ಉರಿಯುವ ಹಳೆಯ ಪ್ಲಗ್ಗು, ಎಂಜಿನ್ನಿನ ಒಳಗೆ ಒತ್ತಡ ಬಿದ್ದಾಗ ಆರುವುದುಂಟು. ಇದು ಕಿಕ್ಕಣ್ಣನಿಗೆ ಗೊತ್ತಿಲ್ಲದ್ದೇನಲ್ಲ. ಆವತ್ತೇ ಸಂಜೆ ಪ್ಲಗ್ಗು ಬದಲಿಸಿದಾಗ ಗಾಡಿ ಒಂದೇ ಒದೆತಕ್ಕೆ ಎದ್ದಿತ್ತು. ತಮ್ಮ ಕಂಡದ್ದನ್ನೇ ಹೇಳಿದ್ದ. ಹೋಗಿ ಒಂದು ಮಾತು ಹೇಳಿ ಬರಬೇಕು ಅಂತ ಅನ್ನಿಸಿತು. ಅವನೇ ಬರಲಿ, ಚಿಕ್ಕವನು ಎಂದೂ ಅನ್ನಿಸಿತು. ಅವನು ಬರಲಿ, ಇವನು ಬರಲಿ ಎನ್ನುವುದರಲ್ಲಿ ಎರಡು ವರ್ಷ ಹೋಯಿತು.

ಆಮೇಲೆ ಕಿಡಿಗೆ ಜ್ವರ ಬಂದು ಆಸ್ಪತ್ರೆ ಸೇರಿದ ಸುದ್ದಿ ಬಂತು. ಹೆಂಡತಿ, “ಈಗ್ಲೇ ಹೋಗ್ಬನ್ನಿ” ಎಂದಳು. ಕಿಕ್ಕಣ್ಣ, “ನಾಳೆ ಹೋಗ್ತೀನಿ” ಎಂದ. ನಾಳೆ ಎಂದವನ ಮನೆ ಹಾಳು ಅಂತ ಹಿರಿಯರು ಸುಮ್ಮನೆ ಹೇಳಿಲ್ಲ. ಮಾರನೆಯ ದಿನ ಅವನು ಹಣ್ಣು ಹಿಡಿದು ಹೋಗುವಾಗ ತಮ್ಮನ ಹಾಸಿಗೆ ಖಾಲಿಯಾಗಿ, ಅದರ ಮೇಲಿನ ಬಟ್ಟೆ ಬದಲಿಸುತ್ತಿದ್ದರು.

ಅಲ್ಲಿಂದ ಶುರುವಾಯಿತು ಅವನ ಒದ್ದಾಟ. ಬೆಳಿಗ್ಗೆ ಷಟರ್ ಎತ್ತಿದರೆ ದೀಪ ತಾನಾಗಿ ಹತ್ತುತ್ತದೆ. ಎರಡು ವರ್ಷದಿಂದ ಹತ್ತುತ್ತಲೇ ಇತ್ತು, ಆಗ ಅದು ಬರೀ ದೀಪ. ಈಗ ಒಳಗಿನಿಂದ ಯಾರೋ ಹತ್ತಿಸಿದಂತಾಗಿ ಅವನು ಒಂದು ಗಳಿಗೆ ಹೊಸ್ತಿಲಲ್ಲೇ ನಿಲ್ಲುತ್ತಾನೆ. ಪ್ಲಗ್ಗನ್ನು ಎಂಜಿನ್ನಿನ ಮೇಲೆ ಮಲಗಿಸಿ ಒಬ್ಬನೇ ಒದೆಯುತ್ತಾನೆ. ತಾನೇ ಬಗ್ಗಿ ನೋಡಬೇಕು ಎನ್ನುವುದು ಮರೆತು ಬೀದಿಯ ಕಡೆ ನೋಡುತ್ತಾ ಕಿವಿ ಕೊಡುತ್ತಾನೆ. ಯಾರೂ ಏನೂ ಹೇಳುವುದಿಲ್ಲ. ಹಾಗಾದರೆ ಬೆಂಕಿ ಇಲ್ಲ ಎಂದುಕೊಂಡು ಪ್ಲಗ್ಗಿಗೆ ಬೆಂಕಿ ಕೊಡುವ ಒಳ್ಳೆಯ ಕಾಯಿಲನ್ನು ಬಿಚ್ಚಿ ಎಸೆದದ್ದೂ ಇದೆ. ಎದುರಿನ ಪಂಕ್ಚರ್ ಅಂಗಡಿಯವನು ಇದನ್ನು ನೋಡಿ ನೋಡಿ, ಮೊದಮೊದಲು ನಗುತ್ತಿದ್ದವನು, ಈಗೀಗ ಮುಖ ಆ ಕಡೆ ತಿರುಗಿಸುತ್ತಾನೆ.

ಮನುಷ್ಯ ಸತ್ತನಲ್ಲ ಎನ್ನುವ ದುಃಖ ಒಂದು. ಅದು ಎಲ್ಲರಿಗೂ ಇರುವುದೇ. ಕಿಕ್ಕಣ್ಣನನ್ನು ಒಳಗೊಳಗೇ ತಿಂದದ್ದು ಬೇರೆ: ಅವನು ನನ್ನ ಮೇಲೆ ಕೋಪ ಇಟ್ಟುಕೊಂಡೇ ಹೋದನಾ? ಕೇಳಲು ಹೋದರೆ ಯಾರನ್ನು ಕೇಳುವುದು? ಉತ್ತರ ಹೇಳಬೇಕಾದವನು ಉತ್ತರ ಹೇಳುವ ಜಾಗದಲ್ಲಿಲ್ಲ.

ಹೀಗಿರುವಾಗ ಒಂದು ಗುರುವಾರ ಮಧ್ಯಾಹ್ನ ಆ ಹಸಿರು ಸ್ಕೂಟರು ಅಂಗಡಿಯ ಮುಂದೆ ಬಂದು ನಿಂತಿತು. ತಳ್ಳಿಕೊಂಡು ಬಂದವಳು ಕಿಡಿಯ ಮಗಳು. ಬೆವರಿ ನೆನೆದಿದ್ದಳು. ಅಪ್ಪನದೇ ಚೂಪು ಗಲ್ಲ, ಅಪ್ಪನ ಹಾಗೆಯೇ ಒಂದು ಹುಬ್ಬು ಮೇಲೆ. ಕಿಕ್ಕಣ್ಣ ಸ್ಕ್ರೂಡ್ರೈವರ್ ಕೆಳಗಿಟ್ಟು ಎದ್ದ.

“ದೊಡ್ಡಪ್ಪ, ಗಾಡಿ ಸ್ಟಾರ್ಟ್ ಆಗ್ತಿಲ್ಲ. ನೋಡ್ತೀರಾ?”

ಇದೇ ಹುಡುಗಿ ಚಿಕ್ಕವಳಿದ್ದಾಗ ಶಾಲೆ ಬಿಟ್ಟ ಮೇಲೆ ಈ ಅಂಗಡಿಯಲ್ಲೇ ಬಿದ್ದಿರುತ್ತಿದ್ದಳು. “ದೊಡ್ಡಪ್ಪ, ಎತ್ಕೋ”, “ದೊಡ್ಡಪ್ಪ, ನೀನು ಸುಳ್ಳ” ಎನ್ನುತ್ತಿದ್ದ ಬಾಯಿ. ಈಗ ನೀವು, ನೋಡ್ತೀರಾ. ಹೊರಗಿನವರಿಗೆ ಕೊಡುವ ಮರ್ಯಾದೆ. ಅದು ಅವನಿಗೆ ಚುಚ್ಚಿತು, ಚುಚ್ಚಬೇಕಾದ್ದೇ.

“ಎಷ್ಟು ದಿನದಿಂದ?”

“ಅಪ್ಪ ಆಸ್ಪತ್ರೆಗೆ ಹೋದಾಗಿನಿಂದ. ಅಲ್ಲೀವರೆಗೂ ಓಡ್ತಿತ್ತು. ಆಮೇಲೆ ಯಾರು ಒದ್ರೂ ಏಳ್ತಿಲ್ಲ.”

ವಿಷಯ ಹೀಗಿತ್ತು. ಊರ ಹೊರಗಿನ ಔಷಧಿ ಗೋದಾಮಿನಲ್ಲಿ ಅವಳಿಗೆ ಕೆಲಸ ಸಿಕ್ಕಿತ್ತು, ಮುಂಜಾನೆಯ ಪಾಳಿ. ಆ ಹೊತ್ತಿಗೆ ಬಸ್ಸಿಲ್ಲ. ಸ್ವಂತ ಗಾಡಿ ಇದ್ದರೆ ಸೋಮವಾರ ಬಾ, ಇಲ್ಲದಿದ್ದರೆ ಬೇರೆಯವರನ್ನು ನೋಡ್ಕೋತೀವಿ ಎಂದಿದ್ದರು. ಅವಳ ಅಮ್ಮನಿಗೋ ಈ ಗಾಡಿ ಕಂಡರೆ ಆಗುತ್ತಿರಲಿಲ್ಲ.

“ಬೆಳಿಗ್ಗೆ ಅಪ್ಪ ಹೊರಡೋ ಹೊತ್ತಿಗೆ ಸ್ಟ್ಯಾಂಡ್ ತೆಗೆದ ಶಬ್ದ ಕೇಳುತ್ತಂತೆ ಅಮ್ಮಂಗೆ. ಎದ್ದು ನೋಡಿದ್ರೆ ಗಾಡಿ ಇದ್ದ ಜಾಗದಲ್ಲೇ ಇರುತ್ತೆ. ನಿಮ್ಮಪ್ಪ ಬಿಟ್ಟಿಲ್ಲ ಇದನ್ನ, ಅದಕ್ಕೇ ಯಾರಿಗೂ ಏಳ್ತಿಲ್ಲ ಅಂತಾಳೆ. ಭಾನುವಾರ ಸಂಜೆಯೊಳಗೆ ಸ್ಟಾರ್ಟ್ ಆಗ್ಲಿಲ್ಲ ಅಂದ್ರೆ ಗುಜರಿಗೆ ಹಾಕ್ತಾಳಂತೆ.” ಹುಡುಗಿ ಹಣೆಯ ಬೆವರು ಒರೆಸಿಕೊಂಡು, “ನನಗೆ ಬೇರೆ ಯಾರ ಹತ್ರಾನೂ ತಗೊಂಡು ಹೋಗೋಕೆ ಮನಸ್ಸಾಗ್ಲಿಲ್ಲ” ಎಂದಳು.

ಕಿಕ್ಕಣ್ಣ ಗಾಡಿಯನ್ನು ಒಳಗೆ ತಳ್ಳಿಕೊಂಡ. ಪೆಟ್ರೋಲು ಇತ್ತು. ಎಡಕ್ಕೆ ವಾಲಿಸಿ ನಿಲ್ಲಿಸಿ ಒದ್ದ, ಇಲ್ಲ. ಪ್ಲಗ್ಗು ಬಿಚ್ಚಿದ, ಪೆಟ್ರೋಲಿನಲ್ಲಿ ನೆನೆದಿತ್ತು, ಹೊಸದು ಹಾಕಿದ. ಮಲಗಿಸಿ ಒದ್ದ. ಅಭ್ಯಾಸಬಲದಿಂದ ಬೀದಿಯ ಕಡೆ ನೋಡಿದ. ಯಾವ ದನಿಯೂ ಬರಲಿಲ್ಲ. ಈ ಸಲ ಬಗ್ಗಿ ನೋಡಿಕೊಂಡೇ ಒದ್ದ, ನಿಜವಾಗಿಯೂ ಬೆಂಕಿ ಇರಲಿಲ್ಲ. ಕಾಯಿಲು ಬದಲಿಸಿದ, ಆಗಲೂ ಇಲ್ಲ. ಆಗ ಅವನು ಕೈ ಕೆಳಗಿಟ್ಟು, “ಕಳ್ಳ ಸ್ವಿಚ್ಚು ಹಾಕಿದಾನೆ” ಎಂದ.

ಕಳ್ಳ ಸ್ವಿಚ್ಚು ಕಿಡಿಯ ಹೆಸರುವಾಸಿ ಕೆಲಸ. ಗಾಡಿ ಕದಿಯಲು ಬಂದವನು ಎಷ್ಟು ಒದ್ದರೂ ಏಳಬಾರದು, ಅಂಥ ಒಂದು ಪುಟ್ಟ ಸ್ವಿಚ್ಚನ್ನು ಯಾರ ಕಣ್ಣಿಗೂ ಬೀಳದ ಕಡೆ ಕೂರಿಸುತ್ತಿದ್ದ. ಎಲ್ಲಿ ಕೂರಿಸುವುದು ಎನ್ನುವುದರಲ್ಲಿತ್ತು ಅವನ ಜಾಣತನ. ಗಿರಾಕಿಯನ್ನು ಗಾಡಿಯ ಮೇಲೆ ಕೂರಿಸಿ, ಟೀ ತರಿಸಿ ಕೊಟ್ಟು, ಅದೂ ಇದೂ ಮಾತಾಡುತ್ತಾ ಅವನ ಕೈ ತಾನಾಗಿ ಎಲ್ಲಿಗೆ ಹೋಗುತ್ತದೆ ಎಂದು ನೋಡುತ್ತಿದ್ದ. ಒಬ್ಬ ಮೇಷ್ಟರ ಕೈ ಸೀಟಿನ ಮುಂಭಾಗವನ್ನು ಗೀಚುತ್ತಿತ್ತು, ಅಲ್ಲೇ ಇಟ್ಟ. ಹೂವು ಮಾರುವವಳ ಪಾದ ಚಾಪೆಯ ಮೂಲೆಯನ್ನು ಒತ್ತುತ್ತಿತ್ತು, ಅಲ್ಲೇ ಇಟ್ಟ. “ಕೈ ತಾನಾಗಿ ಹೋಗೋ ಜಾಗ ಯಜಮಾನನಿಗೂ ಗೊತ್ತಿರಲ್ಲ, ಇನ್ನು ಕಳ್ಳನಿಗೇನು ಗೊತ್ತಿರುತ್ತೆ?” ಎನ್ನುತ್ತಿದ್ದ. ಆ ಜಾಗವನ್ನು ಅವನು ಯಜಮಾನನ ಕಿವಿಯಲ್ಲಿ ಹೇಳುತ್ತಿದ್ದನೇ ಹೊರತು ಅಣ್ಣನಿಗೂ ಬಾಯಿ ಬಿಡುತ್ತಿರಲಿಲ್ಲ.

“ಹೌದು,” ಎಂದಳು ಹುಡುಗಿ. “ಅಪ್ಪ ಆ ಕಡೆ ಮೇಜು ಹಾಕಿದ ಮೇಲೆ ಆ ಬೀದೀಲಿ ಒಂದೆರಡು ಗಾಡಿ ಕಳುವಾದ್ವು. ಆಗ ಹಾಕಿದ್ರು. ಎಲ್ಲಿ ಅಂತ ನಂಗೂ ಹೇಳ್ಲಿಲ್ಲ, ಅಮ್ಮಂಗೂ ಹೇಳ್ಲಿಲ್ಲ. ಸಿಗಬೇಕಾದೋರಿಗೆ ಸಿಗುತ್ತೆ ಬಿಡು ಅಂದ್ರು.”

ಮೂರು ದಿನ ದೊಡ್ಡಪ್ಪನೂ ಮಗಳೂ ಆ ಗಾಡಿಯ ಮೈಯೆಲ್ಲ ತಡಕಾಡಿದರು. ಹುಡುಕಿದ್ದು ಸ್ವಿಚ್ಚನ್ನಾದರೂ, ಆಡಿದ ಮಾತೆಲ್ಲ ಸತ್ತವನ ಕೈಗಳ ಬಗ್ಗೆ. ಕಿಡಿ ಯೋಚಿಸುವಾಗ ಮೀಟರಿನ ಗಾಜು ತಟ್ಟುತ್ತಿದ್ದ, ಮೀಟರು ಬಿಚ್ಚಿದರು. ನಿಂತಾಗ ಮೊಣಕಾಲಿನಿಂದ ಮುಂದಿನ ಪೆಟ್ಟಿಗೆ ಒತ್ತುತ್ತಿದ್ದ, ಪೆಟ್ಟಿಗೆಯ ಹಿಂಬದಿ ನೋಡಿದರು. ಅಮ್ಮ ಚೀಲ ನೇತುಹಾಕುವ ಕೊಕ್ಕೆಯ ಸುತ್ತ ನೋಡಿದರು. ಆಮೇಲೆ ಹುಡುಗಿಯೇ ಸಂಕೋಚದಿಂದ, “ಚಿಕ್ಕೋಳಿದ್ದಾಗ ನಾನು ಮುಂದೆ ನಿಂತ್ಕೊಂಡು ಹ್ಯಾಂಡಲ್ ನಡುವೆ ಹಿಡ್ಕೋತಿದ್ದೆನಲ್ಲ” ಎಂದಳು. ಹ್ಯಾಂಡಲಿನ ಕೆಳಗೆ ತಾನೇ ಕೈ ಹಾಕಿ, ಕಣ್ಣು ಮುಚ್ಚಿ, ಬೆರಳಿನಿಂದ ನಿಧಾನವಾಗಿ ಸವರಿದಳು. ಅಲ್ಲಿ ತುಕ್ಕು ಬಿಟ್ಟರೆ ಬೇರೇನಿರಲಿಲ್ಲ. ಅವಳು ಕೈ ತೆಗೆದು ಸುಮ್ಮನೆ ಅಂಗೈ ನೋಡಿಕೊಂಡಳು. ಕಿಕ್ಕಣ್ಣ ಒರೆಸುವ ಬಟ್ಟೆಯನ್ನು ಅವಳ ಕಡೆ ಚಾಚಿದ.

ಕಿಡಿ ಹಾಕಿದ ವೈರಿನ ಜಾಡು ಹಿಡಿದು ಹೋಗೋಣವೆಂದರೆ ಅದೂ ಆಗದ ಮಾತು. ಕಪ್ಪು ಬಟ್ಟೆಯ ಟೇಪಿನಲ್ಲಿ ಎಲ್ಲ ವೈರುಗಳನ್ನೂ ಒಂದೇ ಕಂತೆಯಾಗಿ ಸುತ್ತಿ ಗಾಡಿಯ ಬೆನ್ನೆಲುಬಿನ ಒಳಗೆ ಇಳಿಸಿಬಿಟ್ಟಿದ್ದ. ಪಂಕ್ಚರ್ ಅಂಗಡಿಯವನು ಟೀ ಲೋಟ ಹಿಡಿದು ಬಂದು, “ಯಾಕಣ್ಣ ಒದ್ದಾಡ್ತೀಯ? ಕಂತೆ ಪೂರ್ತಿ ಕುಯ್ದು ಬಿಸಾಕು, ಹೊಸ ವೈರು ಎಳಿ. ಅರ್ಧ ದಿನದ ಕೆಲಸ” ಎಂದ.

“ಗೊತ್ತು ಹೋಗಯ್ಯ” ಎಂದ ಕಿಕ್ಕಣ್ಣ. ಗೊತ್ತಿರುವುದು ಬೇರೆ, ಕೈ ಏಳುವುದು ಬೇರೆ. ತಮ್ಮ ಟೇಪು ಸುತ್ತಿದರೆ ಕೊನೆಯ ತುದಿಯನ್ನು ಒಂದು ಮಡಿಕೆ ಮಡಚಿ ಹೆಬ್ಬೆರಳಿನಿಂದ ಒತ್ತುತ್ತಿದ್ದ. ಆ ಮಡಿಕೆಯಲ್ಲಿ ಹೆಬ್ಬೆರಳ ಗುರುತು ಇನ್ನೂ ಇತ್ತು. ಬ್ಲೇಡು ಹಿಡಿದು ಅದರ ಹತ್ತಿರ ಹೋದರೆ ಕಿಕ್ಕಣ್ಣನಿಗೆ ಕೈ ಬರುತ್ತಿರಲಿಲ್ಲ.

ಮನೆಗೆ ಹೋದರೂ ಅದೇ ಧ್ಯಾನ. ಊಟದ ತಟ್ಟೆಯ ಮುಂದೆ, “ಎಲ್ಲಿಟ್ಟೆಯೋ ಮಾರಾಯ, ಹೇಳಾದ್ರೂ ಹೇಳೋ” ಎಂದು ಗೊಣಗಿದ್ದು ಹೆಂಡತಿಯ ಕಿವಿಗೆ ಬಿತ್ತು. “ಬದುಕಿದ್ದಾಗ ತಮ್ಮನ ಹತ್ರ ಮಾತಾಡ್ಲಿಲ್ಲ, ಈಗ ಅವರ ಗಾಡಿ ಹತ್ರ ಮಾತಾಡ್ತೀರಿ” ಎಂದಳು ಅವಳು. ಹೇಳಿದ ಮೇಲೆ ಅವಳಿಗೇ ಕೆಡುಕೆನಿಸಿ ಅವನ ತಟ್ಟೆಗೆ ಇನ್ನೊಂದು ಸೌಟು ಅನ್ನ ಹಾಕಿದಳು.

ಶನಿವಾರ ಸಂಜೆ, ಬೆಳಕು ಕಂದುತ್ತಿರುವಾಗ, ಹುಡುಗಿ ಕಿಡಿಯ ಸ್ಟೂಲಿನ ಮೇಲೆ ಕುಳಿತಿದ್ದಳು. ಕಿಡಿ ಎದ್ದುಹೋದ ಮೇಲೆ ಅದರ ಮೇಲೆ ಯಾರೂ ಕುಳಿತಿರಲಿಲ್ಲ. ಕಿಕ್ಕಣ್ಣ ಬಹಳ ದಿನದಿಂದ ಕೇಳಬೇಕೆಂದಿದ್ದನ್ನು ಕೇಳಿಯೇಬಿಟ್ಟ.

“ಆಸ್ಪತ್ರೇಲಿ... ಅವನು ನನ್ನ ಬಗ್ಗೆ ಏನಾದ್ರೂ ಅಂದ್ನಾ?”

ಹುಡುಗಿ ತಲೆ ತಗ್ಗಿಸಿದಳು. ಸುಳ್ಳು ಹೇಳಬಹುದಿತ್ತು, ಹೇಳಲಿಲ್ಲ. “ಇಲ್ಲ ದೊಡ್ಡಪ್ಪ. ನಿಮ್ಮ ಹೆಸರು ಎತ್ತಲಿಲ್ಲ.”

ಅವನು ಒರೆಸಿದ ಸ್ಪ್ಯಾನರನ್ನೇ ಮತ್ತೆ ಒರೆಸತೊಡಗಿದ. ಅವಳಿಗೆ ತಡೆಯಲಾಗಲಿಲ್ಲ.

“ಒಂದು ವಿಷಯ ಇದೆ, ಅದೇನು ಅಂತ ನಂಗೂ ಗೊತ್ತಿಲ್ಲ. ಅಮ್ಮ ಹೆದರೋದು ಅದಕ್ಕೇನೇ. ದಿನಾ ಬೆಳಿಗ್ಗೆ ಅಪ್ಪ ಗಾಡಿ ಮೇಲೆ ಕೂತು, ಒದಿಯೋಕೆ ಮುಂಚೆ ಹಿಂದಿನ ಸೀಟಿನ ಕಡೆ ತಿರುಗ್ತಿದ್ರು. ಬಗ್ಗಿ, ಯಾರನ್ನೋ ಕೂರಿಸ್ಕೊಳ್ಳೋ ಹಾಗೆ. ಅಮ್ಮ ಅಡುಗೆಮನೆ ಕಿಟಕಿಯಿಂದ ನೋಡ್ತಿದ್ಲು, ಭುಜದವರೆಗೆ ಮಾತ್ರ ಕಾಣ್ತಿತ್ತು. ಒಬ್ರೇ ಇದ್ದೀರಲ್ಲ, ಯಾರನ್ನ ನೋಡ್ತೀರಿ ಅಂತ ಒಂದ್ಸಲ ಕೇಳಿದ್ಲು. ‘ಯಾರೂ ಬಿಟ್ಟುಹೋಗಬಾರ್ದಲ್ಲ’ ಅಂದ್ರಂತೆ.”

ಕಿಕ್ಕಣ್ಣ ಗಾಡಿಯ ಹಿಂದಿನ ಸೀಟಿನ ಕಡೆ ತಿರುಗಿ ನೋಡಿದ. ಕೂತ್ಯಾ ಅಣ್ಣಾ? ಖಾಲಿ ಸೀಟನ್ನು ದಿನಾ ಕೇಳುತ್ತಿದ್ದನೇ? ಮಾತು ಬಿಟ್ಟ ಅಣ್ಣನ ಬದಲು ಸೀಟಿನ ಮೇಲೆ ಯಾರನ್ನು ಕೂರಿಸಿಕೊಂಡು ಹೋಗುತ್ತಿದ್ದ? ಆ ಸಂಜೆ ಅವನು ಅಂಗಡಿ ಮುಚ್ಚುವಾಗ ದೀಪ ಆರುವುದನ್ನು ನೋಡಲು ಧೈರ್ಯವಾಗದೆ, ಮುಖ ಬೀದಿಯ ಕಡೆ ಮಾಡಿಕೊಂಡು ಷಟರ್ ಎಳೆದ.

ಭಾನುವಾರ ಮಧ್ಯಾಹ್ನದ ಹೊತ್ತಿಗೆ ಬೇರೆ ದಾರಿ ಉಳಿದಿರಲಿಲ್ಲ. ಗುಜರಿಯವನು ಸಂಜೆ ಮನೆಗೆ ಬರುವುದಾಗಿ ಹೇಳಿದ್ದ. ಹುಡುಗಿಯ ಮುಖ ನೋಡಿದರೆ, ಸತ್ತವನ ಟೇಪು ದೊಡ್ಡದೋ ಇರುವವಳ ಹೊಟ್ಟೆಪಾಡು ದೊಡ್ಡದೋ ಎಂದು ಯಾರೂ ಕೇಳಬೇಕಾಗಿರಲಿಲ್ಲ. ಕಿಕ್ಕಣ್ಣ ಹೊಸ ವೈರಿನ ಸುರುಳಿ ತಂದಿಟ್ಟ. ಬ್ಲೇಡು ತೆಗೆದ.

“ಕುಯ್ಯಿರಿ ದೊಡ್ಡಪ್ಪ. ಪರವಾಗಿಲ್ಲ” ಎಂದಳು ಹುಡುಗಿ. ಕಣ್ಣು ಮಾತ್ರ ಬೇರೆ ಕಡೆ ಇತ್ತು.

“ಒಂದು ನಿಮಿಷ ಇರು.”

ಬೆಳಗಿನಿಂದ ನಿಂತೇ ಇದ್ದ ಅವನು. ಕೂರಬೇಕು ಅನ್ನಿಸಿತು. ಗಾಡಿ ಅಲ್ಲೇ ಸ್ಟ್ಯಾಂಡಿನ ಮೇಲಿತ್ತು, ಅದರ ಮೇಲೇ ಕುಳಿತ. ಬೇರೆ ಯಾರಾದರೂ ಆಗಿದ್ದರೆ ಮುಂದಿನ ಸೀಟಿನಲ್ಲಿ ಕೂರುತ್ತಿದ್ದರು. ಗಾಡಿ ಓಡಿಸಲು ಬಾರದ ಮನುಷ್ಯ, ಜೀವಮಾನದಲ್ಲಿ ಒಮ್ಮೆಯೂ ಮುಂದೆ ಕುಳಿತವನಲ್ಲ, ಹಿಂದೆ ಕುಳಿತ. ಬ್ಲೇಡಿದ್ದ ಬಲಗೈ ತೊಡೆಯ ಮೇಲೆ ಬಂತು, ಡಬ್ಬಿ ಇರುತ್ತಿದ್ದ ಕಡೆ. ಎಡಗೈ ತಾನಾಗಿ ಹಿಂದೆ ಹೋಗಿ ಸೀಟಿನ ಕೆಳಗಿನ ತಗಡಿನ ಅಂಚನ್ನು ಹಿಡಿಯಿತು. ಅಲ್ಲಿನ ಬಣ್ಣ ಅವನ ಬೆರಳುಗಳಿಂದಲೇ ಸವೆದು ಎಷ್ಟೋ ವರ್ಷವಾಗಿತ್ತು.

ಬೆರಳು ಒಳಗೆ ಮಡಚಿದಾಗ ತಗಡಿನ ಬದಲು ಬಟ್ಟೆಯ ಟೇಪು ಸಿಕ್ಕಿತು. ಅದರ ನಡುವೆ ಹುರುಳಿಕಾಳಿನಷ್ಟು ಒಂದು ಮೊಟಕು ಗುಬುಟು, ಕಳ್ಳ ಸ್ವಿಚ್ಚಿನದು.

ಆ ಜಾಗವನ್ನು ಅವನು ಟಾರ್ಚ್ ಹಾಕಿ ಎರಡು ಸಲ ನೋಡಿದ್ದ. ಕಣ್ಣಿಗೆ ಕಾಣುವ ಜಾಗ ಅಲ್ಲ ಅದು, ಹಿಂದೆ ಕುಳಿತವನು ಬೆರಳು ಮಡಚಿದರೆ ಮಾತ್ರ ಸಿಗುವ ಜಾಗ. ಕಳ್ಳ ಹಿಂದಿನ ಸೀಟಿನಲ್ಲಿ ಕೂರುವುದಿಲ್ಲ. ಯಜಮಾನನೂ ಕೂರುವುದಿಲ್ಲ. ಈ ಗಾಡಿಯ ಆ ಸೀಟಿನಲ್ಲಿ ಕುಳಿತು, ಭಯಕ್ಕೆ ಆ ಅಂಚನ್ನು ಆ ರೀತಿ ಕಚ್ಚಿ ಹಿಡಿಯುತ್ತಿದ್ದ ಕೈ ಲೋಕದಲ್ಲಿ ಒಂದೇ. ಆ ಕೈಯವನು ಒಂದು ದಿನ ಬಂದೇ ಬರುತ್ತಾನೆ ಎಂದುಕೊಂಡು ಇಟ್ಟಿದ್ದ. ಅವನು ಬರಲಿಲ್ಲ. ಬಾರದ ಎರಡು ವರ್ಷವೂ ಕಿಡಿ ದಿನಾ ಬೆಳಿಗ್ಗೆ ಮುಂದಿನ ಸೀಟಿನಿಂದ ಸೊಂಟ ತಿರುವಿ, ಬಗ್ಗಿ, ಅಣ್ಣನ ಕೈ ಇರಬೇಕಾದ ಕಡೆ ತನ್ನ ಕೈ ಹಾಕಿ ಆ ಸ್ವಿಚ್ಚು ಒತ್ತಿದ್ದ. ಕಷ್ಟವಾಯಿತು ಅಂತ ಮುಂದಕ್ಕೆ ತಂದಿಟ್ಟುಕೊಳ್ಳಲಿಲ್ಲ. ಗುಬುಟಿನ ಮೇಲಿನ ಟೇಪು ಒತ್ತಿ ಒತ್ತಿ ನುಣುಪಾಗಿತ್ತು.

ಕಿಕ್ಕಣ್ಣ ಅಳುವವನಲ್ಲ. ಆವತ್ತು ಹಾಸಿಗೆ ಖಾಲಿ ಕಂಡಾಗಲೂ ಅತ್ತಿರಲಿಲ್ಲ. ಈಗ ಕುಳಿತಲ್ಲೇ ಬಾಯಿ ತೆರೆದು, ಸಣ್ಣ ಹುಡುಗರು ಅಳುವ ಹಾಗೆ ಅತ್ತ. ಹುಡುಗಿ ಗಾಬರಿಯಾಗಿ ಓಡಿಬಂದಳು. ಅವನು ಅವಳ ಕೈ ಹಿಡಿದು ಆ ಅಂಚಿನ ಕೆಳಗೆ ಇಟ್ಟ. ಅವಳ ಬೆರಳು ಟೇಪನ್ನು ಗುರುತು ಹಿಡಿಯಿತು. ಅವಳೂ ಅಲ್ಲೇ ನೆಲದ ಮೇಲೆ ಕುಸಿದು ಕುಳಿತಳು.

“ಅಮ್ಮ ನೋಡಿದ್ದು ಇದನ್ನೇ” ಎಂದಳು ಕೊನೆಗೆ.

ಅವನು ಗುಬುಟು ಒತ್ತಿದ. ಟಕ್ ಎಂದಿತು. ಇಳಿದು, ಮುಖ ಒರೆಸಿಕೊಂಡು, ಪ್ಲಗ್ಗನ್ನು ಬಿಚ್ಚಿ ಬಟ್ಟೆಯಲ್ಲಿ ಸುತ್ತಿ ಅವಳ ಕೈಗೆ ಕೊಟ್ಟ. “ಇದನ್ನ ಹಿಂಗೆ ಕಬ್ಬಿಣಕ್ಕೆ ತಾಗಿಸಿ ಹಿಡ್ಕೋ. ತುದಿ ನೋಡ್ತಿರು.” ಹುಡುಗಿ ಕುಕ್ಕರುಗಾಲಲ್ಲಿ ಕುಳಿತಳು, ಅಪ್ಪ ಕೂರುತ್ತಿದ್ದ ಹಾಗೆಯೇ, ಒಂದು ಮೊಣಕಾಲು ನೆಲಕ್ಕೆ ಊರಿ.

ಕಿಕ್ಕಣ್ಣ ಬೀದಿಯ ಕಡೆ ಮುಖ ಮಾಡಿದ. ಎದುರಂಗಡಿಯವನು ಒಂದು ಟ್ಯೂಬನ್ನು ನೀರಿನಲ್ಲಿ ಮುಳುಗಿಸಿ ಹಿಡಿದವನು ಹಾಗೆಯೇ ಈ ಕಡೆ ನೋಡುತ್ತಿದ್ದ. ಕಿಕ್ಕಣ್ಣ ಉಸಿರು ಹಿಡಿದು ಒದ್ದ.

“ಬಂತು.”

ಅವನು ಒಂದು ಸಲ ಕಣ್ಣು ಮುಚ್ಚಿದ. ಮತ್ತೆ ಒದೆಯುವ ಅಗತ್ಯವೇ ಇರಲಿಲ್ಲ, ಆದರೂ ಒದ್ದ.

“ಬಂತು ದೊಡ್ಡಪ್ಪ.”

ಪ್ಲಗ್ಗು ಕೂರಿಸಿ ಎಲ್ಲ ಮುಚ್ಚಿದ ಮೇಲೆ ಗಾಡಿ ಮೂರನೆಯ ಒದೆತಕ್ಕೆ ಕೆಮ್ಮಿ, ಹೊಗೆ ಕಾರಿ, ಎದ್ದಿತು. ಅಂಗಡಿಯೆಲ್ಲ ಬಿಳಿ ಹೊಗೆ. ಪಂಕ್ಚರ್ ಅಂಗಡಿಯವನು ಅಲ್ಲಿಂದಲೇ ಎರಡೂ ಕೈ ಎತ್ತಿ ಮುಗಿದ.

“ಸ್ವಿಚ್ಚನ್ನ ಮುಂದಕ್ಕೆ ತಂದು ಕೊಡ್ತೀನಿ” ಎಂದ ಕಿಕ್ಕಣ್ಣ, ಆ ಸದ್ದಿನಲ್ಲಿ ದನಿ ಏರಿಸಿ. “ದಿನಾ ತಿರುಗಿ ಬಗ್ಗಬೇಕಾಗುತ್ತೆ ನಿಂಗೆ.”

“ಬೇಡ” ಎಂದಳು ಹುಡುಗಿ. “ಅಪ್ಪ ಬಗ್ತಿರ್ಲಿಲ್ವಾ? ಅಲ್ಲೇ ಇರ್ಲಿ.” ಸ್ಟ್ಯಾಂಡ್ ತೆಗೆದು ಮುಂದಿನ ಸೀಟಿನಲ್ಲಿ ಕುಳಿತಳು. “ಅಮ್ಮಂಗೆ ನೀನೇ ಬಂದು ಹೇಳ್ಬೇಕು. ನಾನು ಹೇಳಿದ್ರೆ ನಂಬಲ್ಲ ಅವಳು.”

ನೀವು ಎನ್ನುವುದು ಯಾವಾಗ ಬಿದ್ದುಹೋಯಿತೋ ಅವಳಿಗೇ ಗೊತ್ತಿರಲಿಲ್ಲ. ಕಿಕ್ಕಣ್ಣ ಷಟರ್ ಎಳೆದ. ಒಳಗೆ ದೀಪ ಆರಿತು, ಈ ಸಲ ಅವನು ನೋಡಿದ. ಬಂದು ಗಾಡಿಯ ಪಕ್ಕ ನಿಂತು, ಸಾಯಂಕಾಲದ ಬಿಸಿಲಿಗೆ ಕಣ್ಣು ಕಿರಿದು ಮಾಡಿ, ಚಪ್ಪಲಿ ಸರಿಮಾಡಿಕೊಂಡು ಹಿಂದಿನ ಸೀಟಿಗೆ ಏರಿದ. ಎಡಗೈ ತನ್ನ ಜಾಗಕ್ಕೆ ಹೋಯಿತು, ಗುಬುಟನ್ನು ಮಾತ್ರ ಒತ್ತದ ಹಾಗೆ.

ಹುಡುಗಿ ಕ್ಲಚ್ ಹಿಡಿದು ಒಂದು ಹುಬ್ಬು ಮೇಲೆ ಮಾಡಿ ಹಿಂದೆ ತಿರುಗಿದಳು.

“ಕೂತ್ಯಾ?”

“ಕೂತೆ ಕಣೋ, ಹೊರಡು” ಎಂದ ಕಿಕ್ಕಣ್ಣ.

ಅವಳು ತಿದ್ದಲಿಲ್ಲ. ಗೇರು ಹಾಕಿ ಹೊರಟಳು.